ಬಕೆಟ್ಟಿನೊಳಗಿನ ಬೊಂಬೆ

ಈ ಸಲ ಸಾರಿನಪುಡಿ ವಿಷಯ ಅಲ್ಲ ಕಣ್ರೇ, ಸಿನಿಮಾ ವಿಷಯ. ಅದೂ ಹಳೇದು, 1966ರದ್ದು, ಇಂಗ್ಲಿಷಿಂದು. ‘ಹೌ ಟು ಸ್ಟೀಲ್ ಎ ಮಿಲಿಯನ್’ ಅಂತ. ವಿಲಿಯಂ ವೈಲರ್ ನಿರ್ದೇಶನ, ಆಡ್ರೆ ಹೆಪ್‌ಬರ್ನ್ ಮತ್ತೆ ಪೀಟರ್ ಓಟೂಲ್ ಜೋಡಿ. ನೋಡಿದೋರೆಲ್ಲ ಹೆಪ್‌ಬರ್ನ್ ಹಾಕ್ಕೊಂಡ ಬಟ್ಟೆ, ಟೋಪಿ ಅಂತಲೇ ಮಾತಾಡ್ತಾರೆ. ನಾನು ಹೇಳಬೇಕು ಅಂತಿರೋದು ಅವಳ ಕೈಲಿರೋ ನೆಲ ಒರೆಸೋ ಬಕೆಟ್ಟಿನ ಬಗ್ಗೆ.

ನೋಡದೇ ಇರೋರಿಗೆ ಕತೆ ಚುಟುಕಾಗಿ ಹೇಳಿಬಿಡ್ತೀನಿ. ಪ್ಯಾರಿಸ್ಸಲ್ಲಿ ಬೊನೆ ಅಂತ ಒಬ್ಬ ದೊಡ್ಡ ಮನುಷ್ಯ. ಬಟ್ಟೆ ಬೀರು ಹಿಂದಿನ ಗುಟ್ಟಿನ ಕೋಣೇಲಿ ಕೂತು ವ್ಯಾನ್ ಗೋ ಥರವೇ ಚಿತ್ರ ಬರೀತಾನೆ, ವ್ಯಾನ್ ಗೋದೇ ಅಂತ ಮಾರ್ತಾನೆ. ಇದು ಅವರ ವಂಶಪಾರಂಪರ್ಯ ಕಸುಬು. ಅವನಪ್ಪ ಒಂದು ವೀನಸ್ ಬೊಂಬೆ ಕೆತ್ತಿ, ನಾನೂರು ವರ್ಷದ ಹಿಂದಿನ ಚೆಲ್ಲೀನಿ ಅನ್ನೋ ಇಟಲಿಯ ಶಿಲ್ಪಿ ಮಾಡಿದ್ದು ಅಂತ ಹೇಳಿಟ್ಟಿದ್ದ. ಬೊನೆಗೆ ಜಂಬ ಜಾಸ್ತಿ, ಅದನ್ನ ಮ್ಯೂಸಿಯಮ್ಮಿಗೆ ಪ್ರದರ್ಶನಕ್ಕೆ ಕೊಡ್ತಾನೆ. ಅವರು ಹತ್ತು ಲಕ್ಷ ಡಾಲರಿಗೆ ವಿಮೆ ಅಂತ ಕಾಗದ ತರ್ತಾರೆ, ಇವನು ಓದದೇ ರುಜು ಹಾಕ್ತಾನೆ. ಹಾಕಿದ ಮೇಲೆ ಗೊತ್ತಾಗುತ್ತೆ, ವಿಮೆ ಅಂದ್ರೆ ಬೊಂಬೆನ ತಜ್ಞರು ಬಂದು ಪರೀಕ್ಷೆ ಮಾಡ್ತಾರೆ ಅಂತ. ಅಲ್ಲಿಗೆ ಮನೆ ಮರ್ಯಾದೆ ಮೂರಾಬಟ್ಟೆ. ಆಗ ಯಾರು ಎದ್ದು ಓಡಾಡಬೇಕು? ಮಗಳು! ನಿಕೋಲ್ ಅಂತ ಅವಳ ಹೆಸರು. ಕಳ್ಳ ಅಂತ ತಾನು ನಂಬಿರೋ ಒಬ್ಬನನ್ನ ಹಿಡ್ಕೊಂಡು, ನಮ್ಮದೇ ಬೊಂಬೆ ಕದ್ದುಕೊಡಪ್ಪಾ ಅಂತಾಳೆ.

ನಗು ಬರುತ್ತೆ, ಇಲ್ಲ ಅನ್ನಲ್ಲ. ಪೊರಕೆ ಇಡೋ ಗೂಡಿನೊಳಗೆ ಇಬ್ಬರೂ ಬಚ್ಚಿಟ್ಕೊಂಡು, ಗೋಡೆ ಆಚೆ ಇರೋ ಬೀಗದ ಕೈನ ಅಯಸ್ಕಾಂತದಲ್ಲಿ ಎಳ್ಕೊಳ್ಳೋದಿದೆಯಲ್ಲ, ಅದು ನೋಡೇ ಸವಿಯಬೇಕು. ಆಮೇಲೆ ಬೂಮರಾಂಗ್ ಎಸೆದು ಗಂಟೆ ಬಾರಿಸೋದು. ಪೊಲೀಸರು ಬರೋದು, ಏನೂ ಇಲ್ಲ ಅಂತ ಹೋಗೋದು, ಮತ್ತೆ ಗಂಟೆ. ಕೊನೆಗೆ ಕಾವಲಿನೋರೇ ಬೇಸತ್ತು ಗಂಟೆ ಆರಿಸಿಬಿಡ್ತಾರೆ. ನಮ್ಮನೆ ಕುಕ್ಕರು ಸುಮ್ನೆ ಸುಮ್ನೆ ಕೂಗಿದ್ರೆ ನಾವೂ ಅಷ್ಟೇ ತಾನೆ ಮಾಡೋದು.

ಆದ್ರೆ ಬೊಂಬೆ ಆಚೆ ಬಂದಿದ್ದು ಬೂಮರಾಂಗಿಂದಲ್ಲ. ನಿಕೋಲ್ ನೆಲ ತೊಳೆಯೋ ಹೆಂಗಸಿನ ವೇಷ ಹಾಕ್ಕೊಂಡು, ಮಂಡಿಯೂರಿ ಉಜ್ಜೋರ ಸಾಲಲ್ಲಿ ಕೂರ್ತಾಳೆ. ಬೊಂಬೆ ಅವಳ ಬಕೆಟ್ಟಲ್ಲಿರುತ್ತೆ. ಅಷ್ಟೊಂದು ಕಾವಲುಗಾರರು, ಅಷ್ಟೊಂದು ಗಲಾಟೆ, ಒಬ್ಬನೂ ಆ ಬಕೆಟ್ಟಿನ ಕಡೆ ನೋಡಲ್ಲ. ಪೊರಕೆ ಹಿಡಿದ ಹೆಂಗಸಿನ ಮುಖ ಯಾರು ನೋಡ್ತಾರೆ ಹೇಳಿ. ತುಮಕೂರಿನ ಯಾವ ಬ್ಯಾಂಕಿಗಾದ್ರೂ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿ, ನೆಲ ಒರೆಸ್ತಿರೋಳನ್ನ ದಾಟ್ಕೊಂಡು ಹೋಗೋರೇ ಎಲ್ಲ. ಸಿನಿಮಾ ತೆಗೆದೋರಿಗೆ ಇದು ಗೊತ್ತಿತ್ತು ಅನ್ನೋದೇ ನಂಗೆ ಖುಷಿ.

ಇನ್ನೊಂದು ವಿಷಯ. ಆ ವೀನಸ್ಸಿಗೆ ರೂಪದರ್ಶಿಯಾಗಿ ನಿಂತೋಳು ಯಾರು ಗೊತ್ತಾ? ನಿಕೋಲಳ ಅಜ್ಜಿ. ಬೊಂಬೆ ಮುಖ ಮೊಮ್ಮಗಳ ಮುಖದ ಥರವೇ ಇದೆ. ಅದನ್ನ ನೋಡೇ ಆ ‘ಕಳ್ಳ’ನಿಗೆ ಇದು ನಕಲಿ ಅಂತ ಹೊಳೆಯೋದು. ಗಂಟೆಗಟ್ಟಲೆ ನಿಂತೋಳು ಅಜ್ಜಿ, ಹೆಸರು ಮಾತ್ರ ಯಾವೋನೋ ಚೆಲ್ಲೀನಿದು.

ಇದನ್ನ ನೋಡುವಾಗ ನಂಗೆ ಜ್ಞಾಪಕ ಬಂದಿದ್ದು ನಮ್ಮ ಮೈಸೂರಿನ ದೀಪದ ಹೆಂಗಸು. ಜಗನ್ಮೋಹನ ಅರಮನೇಲಿ ಇದೆಯಲ್ಲ, ಒಂದು ಕೈಲಿ ದೀಪ ಹಿಡಿದು ಇನ್ನೊಂದು ಕೈಯನ್ನ ಅಡ್ಡ ಇಟ್ಟಿರೋ ಚಿತ್ರ, ಬೆರಳ ಸಂದೀಲಿ ಕೆಂಪಗೆ ಬೆಳಕು ಕಾಣುತ್ತೆ. ನಮ್ಮಲ್ಲಿ ಎಷ್ಟು ಮನೆ ಹಜಾರದಲ್ಲಿ ಅದರ ಫೋಟೋ ಇಲ್ಲ! ಕೇಳಿದ್ರೆ ಎಲ್ರೂ ರವಿವರ್ಮ ಅಂತಾರೆ. ರವಿವರ್ಮಂದಲ್ಲ ಕಣ್ರೇ. ಎಸ್.ಎಲ್. ಹಲ್ದಂಕರ್ ಅಂತ ಮಹಾರಾಷ್ಟ್ರದ ಸಾವಂತವಾಡಿ ಕಡೆಯೋರು ಬರೆದಿದ್ದು. ರವಿವರ್ಮ ತೀರ್ಕೊಂಡಿದ್ದು 1906ರಲ್ಲಿ, ಈ ಚಿತ್ರ 1940ರ ದಶಕದ್ದು. ಅದೂ ಎಣ್ಣೆ ಬಣ್ಣ ಅಲ್ಲ, ಬರೀ ನೀರುಬಣ್ಣ. ನೀರುಬಣ್ಣದಲ್ಲಿ ತಪ್ಪಿದ್ರೆ ಅಳಿಸಿ ತಿದ್ದೋದು ಕಷ್ಟ. ದೀಪ ಹಿಡಿದು ನಿಂತೋಳು ಅವರ ಮಗಳೇ, ಗೀತಾ ಅಂತ. ಮದುವೆಯಾದ ಮೇಲೆ ಗೀತಾ ಉಪ್ಳೇಕರ್. 2018ರಲ್ಲಿ ಕೊಲ್ಹಾಪುರದಲ್ಲಿ ತೀರ್ಕೊಂಡ್ರು, 102 ವರ್ಷ ಬದುಕಿದ್ರು. ಇಲ್ಲಿ ಯಾರೂ ಮೋಸ ಮಾಡಿಲ್ಲ, ರವಿವರ್ಮನ ಚಿತ್ರಗಳೂ ಅದೇ ಕಟ್ಟಡದಲ್ಲಿರೋದಕ್ಕೆ ಜನ ಸೇರಿಸ್ಕೊಂಡು ಹೇಳಿಬಿಟ್ರು. ಆದ್ರೂ ಬರೆದೋನ ಹೆಸರೂ ಹೋಯ್ತು, ನಿಂತೋಳ ಹೆಸರೂ ಹೋಯ್ತು.

ಹಂಗಂತ ನಕಲು ಅಂದ್ರೆಲ್ಲ ಮೋಸ ಅಂತ ನಾನು ಹೇಳಲ್ಲ. ನಮ್ಮ ದೇವರ ಮನೆ ಲಕ್ಷ್ಮಿ, ಸರಸ್ವತಿ ಎಲ್ಲ ನಕಲೇ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿಸಿ ತಮ್ಮ ಚಿತ್ರಾನ ತಾವೇ ಅಚ್ಚು ಹೊಡೆಸಿದ್ದಕ್ಕೇ ಬಡವರ ಗೋಡೆಗೂ ಲಕ್ಷ್ಮಿ ಬಂದಿದ್ದು. ಪಕ್ಕದ ಗುಬ್ಬಿ ವೀರಣ್ಣನವರ ಕಂಪನಿ ನಾಟಕದಲ್ಲಿ ಪರದೆ ಮೇಲೆ ಅರಮನೆ ಬರೆದಿರ್ತಿದ್ರು, ನೋಡೋಕೆ ಬಂದೋರು ಅದನ್ನ ಕೊಂಡ್ಕೊಂಡು ಹೋಗೋಕೆ ಬಂದಿರಲಿಲ್ಲ. ಇದು ಅಚ್ಚು, ಇದು ಪರದೆ ಅಂತ ಹೇಳಿ ಕೊಟ್ರೆ ತಕರಾರಿಲ್ಲ. ಸುಳ್ಳು ಹೆಸರು ಬರೆದು ಅದಕ್ಕೆ ದುಡ್ಡು ಇಸ್ಕೊಳ್ಳೋದಿದೆಯಲ್ಲ, ಅದು ಬೇರೆ.

ಆ ದುಡ್ಡು ಯಾರದು ಅನ್ನೋದೂ ಮುಖ್ಯ. ಸಿನಿಮಾದಲ್ಲಿ ಟೋಪಿ ಬೀಳೋದು ಕೋಟ್ಯಧೀಶರಿಗೆ, ಅದಕ್ಕೇ ನಮಗೆ ನಗು. ನಮ್ಮ ಕಡೆ ಬೀಳೋದು ಚೀಟಿ ದುಡ್ಡು ಎತ್ತಿ ಮಗಳ ಮದುವೆಗೆ ಸೀರೆ ತಗೊಳ್ಳೋರಿಗೆ. ನಮ್ಮ ಸಂಬಂಧಿಕಳೊಬ್ಬಳು ‘ಅಪ್ಪಟ ಚಿನ್ನದ ರೇಕಿನ ಮೈಸೂರು ಚಿತ್ರ’ ಅಂತ ಬೀಗರಿಗೆ ಉಡುಗೊರೆ ತಂದ್ಲು. ಮೂರು ಮಳೆಗಾಲ ಆಗಿಲ್ಲ, ರಾಮನ ಕಿರೀಟ ಕಂದು ಬಣ್ಣಕ್ಕೆ ತಿರುಗ್ತು. ಬೀಗರ ಮನೇಲಿ ಅದನ್ನ ಹಂಗೇ ನೇತು ಹಾಕಿದ್ದಾರೆ. ಇವಳು ಹೋದಾಗೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರ್ತಾಳೆ. ಒಂದೊಂದು ಎಳೆ ಎತ್ತಿ ಗೆಸ್ಸೊ ಹಚ್ಚಿ ನಿಜವಾದ ಚಿನ್ನದ ರೇಕು ಕೂರಿಸೋ ಕಲಾವಿದರಿಗೂ ಇದರಿಂದ ಏಟು, ಯಾಕಂದ್ರೆ ಅವಳು ಇನ್ನು ಜನ್ಮದಲ್ಲಿ ಮೈಸೂರು ಚಿತ್ರ ಕೊಳ್ಳಲ್ಲ. ರೇಷ್ಮೆ ಸೀರೇಲಾದ್ರೆ ಕೆ.ಎಸ್.ಐ.ಸಿ.ಯೋರು ಪ್ರತಿ ಸೀರೆಗೂ ಒಂದು ನಂಬರು ಹಾಕಿ ಕೊಡ್ತಾರೆ. ಅಂಗಡಿಯೋನು ಎಷ್ಟೇ ಅಕ್ಕಾ ಅಕ್ಕಾ ಅಂದ್ರೂ ಸೆರಗು ಬಿಡಿಸಿ ಅದನ್ನ ನೋಡ್ಕೊಳ್ಳಿ.

ನಾನು ಸಿನಿಮಾ ಮೇಲೆ ಮುನಿಸ್ಕೊಂಡಿರೋದು ಮಾತ್ರ ಅಪ್ಪನ ವಿಷಯಕ್ಕೆ. ಅವನನ್ನ ಮುದ್ದು ಮುದ್ದಾಗಿ ತೋರಿಸಿದ್ದಾರೆ. ಮಗಳು ಬಯ್ತಾಳೆ, ಅವನು ಮಗುವಿನ ಥರ ಮುಖ ಮಾಡ್ತಾನೆ, ಅವಳು ಕರಗ್ತಾಳೆ. ಈ ಆಟ ನಮ್ಮ ಮನೆಗಳಲ್ಲಿ ನಡೆಯಲ್ವಾ? ಗಂಡ ಯಾವುದಕ್ಕೋ ಸಾಲ ಮಾಡಿ ಹೆಂಡತಿ ಎರಡೆಳೆ ಸರ ಅಡ ಇಟ್ಟಿರ್ತಾನೆ. ಕುಣಿಗಲ್ ಕಡೆ ಛತ್ರದಲ್ಲಿ ಮದುವೆ ಬರುತ್ತೆ. ಅವಳು ಒಂದು ಗ್ರಾಂ ಗೋಲ್ಡಿನ ಸರ ಹಾಕ್ಕೊಂಡು, ಸೆಕೇಲೂ ಸೆರಗು ಹೊದ್ದು ಕೂತಿರ್ತಾಳೆ. ಯಾರಾದ್ರೂ ‘ಹೊಸದಾ?’ ಅಂತ ಸರಕ್ಕೆ ಕೈ ಹಾಕಿದ್ರೆ ಜೀವ ಬಾಯಿಗೆ ಬರುತ್ತೆ. ಅಡ ಇಟ್ಟೋನು ಆರಾಮಾಗಿ ಎರಡನೇ ಪಂಕ್ತೀಲಿ ಹೋಳಿಗೆ ಬಡಿಸ್ಕೊಳ್ತಿರ್ತಾನೆ. ಆ ಸರ ಮುಟ್ಟಿ ನೋಡೋ ನಾವು ಹೆಂಗಸರೂ ಕಡಿಮೆ ಇಲ್ಲ, ಅದನ್ನೂ ಹೇಳಬೇಕು. ಕವರಿಂಗು ಅಂತ ಗೊತ್ತಾದ್ಮೇಲೆ ಕೈತೊಳೆಯೋ ಜಾಗದಲ್ಲಿ ಮಾತಾಡೋದು ಅವಳ ಬಗ್ಗೆ, ಅವನ ಬಗ್ಗೆ ಅಲ್ಲ.

ನಿಕೋಲಿಗಾದ್ರೂ ಬಕೆಟ್ ಹೊರೋದಕ್ಕೆ ಒಬ್ಬ ಜೊತೆಗಾರ ಸಿಕ್ಕಿದ. ಅವನು ಕಳ್ಳನೇ ಅಲ್ಲ, ಇಂಥ ನಕಲಿ ಹಿಡಿಯೋ ಪತ್ತೇದಾರ ಅನ್ನೋದು ಕೊನೇಲಿ ಗೊತ್ತಾಗುತ್ತೆ. ಆದ್ರೂ ಅವಳನ್ನ ಬಿಟ್ಟುಕೊಡಲ್ಲ. ಅಪ್ಪ? ಇನ್ನು ಮಾಡಲ್ಲ ಅಂತ ಮಾತು ಕೊಟ್ಟು, ಮಗಳು ಕಾರು ಹತ್ತೋ ಹೊತ್ತಿಗೆ ಇನ್ನೊಬ್ಬ ಗಿರಾಕಿನ ಒಳಗೆ ಕರ್ಕೋತಾನೆ.

ಎರಡು ಗಂಟೆ ಸಿನಿಮಾ. ಮೊದಲ ಅರ್ಧ ನಿಧಾನ, ಬೀನ್ಸ್ ನಾರು ತೆಗೀತಾ ನೋಡಬಹುದು. ಪೊರಕೆ ಗೂಡು ಬಂದಾಗ ಮಾತ್ರ ಕೈ ಕೆಲಸ ಬಿಟ್ಟು ನೋಡಿ. ಮನೆಯೋರನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಆ ಅಪ್ಪನ ಪಾತ್ರಕ್ಕೆ ಅವರು ಎಲ್ಲೆಲ್ಲಿ ನಕ್ರು ಅಂತ ನಂಗೊಂದು ಮಾತು ಹೇಳಿ.