ಕಪಾಟಿನ ಬಾಂಬರ್
ಸಹೋದ್ಯೋಗಿಯೊಬ್ಬರ ಕಪಾಟಿನಲ್ಲಿ ತಗಡಿನ ಬಿ-29 ವಿಮಾನವಿದೆ. ಮಾದರಿ ಹೊಸದು, ಹಳೆಯದೆನಿಸಲು ತುಕ್ಕಿನ ಬಣ್ಣ ಬಳಿದಿದ್ದಾರೆ. ‘ಬರಿಯ ಅಲಂಕಾರ’ ಎಂಬ ಅವರ ಮಾತನ್ನು ನಾನು ಒಪ್ಪಲಾರೆ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ್ದು ಇದೇ ಬಗೆಯ ವಿಮಾನ.

ಯುದ್ಧದಲ್ಲಿ ಸೋತ ಜಪಾನಿನ ಕುಶಲಕರ್ಮಿಗಳು ಅಮೆರಿಕನ್ ಸೈನಿಕರು ಎಸೆದ ಡಬ್ಬಿಗಳ ತಗಡಿನಿಂದಲೇ ಆಟಿಕೆಗಳನ್ನು ಮಾಡಿ ಹೊಟ್ಟೆ ಹೊರೆದರು. ರಫ್ತಾದ ಆಟಿಕೆಗಳ ಮೇಲೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬ ಮುದ್ರೆಯಿರುತ್ತಿತ್ತು. ಅಂಥವುಗಳ ತುಕ್ಕಿಗೆ ಅರ್ಥವಿದೆ. ಬಳಿದ ತುಕ್ಕಿಗೆ ಏನಿದೆ?

ಸಂಗ್ರಹಿಸಬಾರದೆಂದು ನಾನು ಹೇಳುತ್ತಿಲ್ಲ. ಆದರೆ ವಿಮಾನದ ಕೆಳಗೆ ಅದು ಮಾಡಿದ್ದೇನೆಂದು ತಿಳಿಸುವ ಚೀಟಿಯೊಂದಿರಲಿ. 1995ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಒತ್ತಡಕ್ಕೆ ಮಣಿದು, ಸತ್ತವರ ಕಥೆಯನ್ನು ಬದಿಗಿಟ್ಟು ‘ಎನೋಲಾ ಗೇ’ಯನ್ನು ಪ್ರದರ್ಶಿಸಿತು. ನಮ್ಮ ಮನೆಯ ಕಪಾಟಿಗೆ ಯಾರ ಒತ್ತಡವಿದೆ?