ಅವಧಾನದೋಷವೂ ಮನೆಯವರ ಕರ್ತವ್ಯವೂ

ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಈಚೆಗೆ ನಡೆದ ಸಂಗತಿಯು ನಮ್ಮ ವಾಚಕರಲ್ಲಿ ಹಲವರ ಮನೆಗಳಲ್ಲಿಯೂ ನಡೆದಿರಬಹುದಾದುದರಿಂದ ಅದನ್ನಿಲ್ಲಿ ಪ್ರಸ್ತಾಪಿಸುತ್ತೇವೆ. ಆ ಮನೆಯ ಎರಡನೆಯ ಮಗನಿಗೆ 36 ವರ್ಷ. ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಬುದ್ಧಿವಂತನೆಂದು ಬಾಲ್ಯದಿಂದಲೂ ಹೆಸರು. ಆದರೆ ಕೈಯಲ್ಲಿ ಹಣವಿದ್ದರೂ ವಿದ್ಯುತ್ತಿನ ಬಿಲ್ಲು ಗಡುವಿನೊಳಗೆ ಸಲ್ಲುವುದಿಲ್ಲ; ಕಡತವು ಕಣ್ಣೆದುರಿಗೇ ಇದ್ದರೂ ಅದರ ಮೇಲೆ ಷರಾ ಬೀಳುವುದಿಲ್ಲ. ಮೇಲಧಿಕಾರಿಗಳು ಕಾರಣ ಕೇಳಿದೊಡನೆ ರಾತ್ರಿಯೆಲ್ಲ ಕುಳಿತು ತಿಂಗಳ ಕೆಲಸವನ್ನು ಬೆಳಗಾಗುವುದರೊಳಗೆ ಮುಗಿಸುತ್ತಾನೆ. ಎರಡು ಸಲ ನೋಟೀಸು ಬಂದ ಮೇಲೆ, ಹೆಂಡತಿಯ ಒತ್ತಾಯದಿಂದ ಮನೋವೈದ್ಯರಲ್ಲಿಗೆ ಹೋದನು. ಅವರು ಹಲವು ಸಲ ಕರೆಯಿಸಿ ವಿಚಾರಿಸಿ, ಇದು ಎ.ಡಿ.ಎಚ್.ಡಿ. ಎಂಬ ಅವಧಾನದೋಷವೆಂದು ತಿಳಿಸಿ ಔಷಧವನ್ನು ಬರೆದುಕೊಟ್ಟರು.

ಮನೆಯಲ್ಲಿ ಈ ಮಾತನ್ನು ಹೇಳಿದಾಗ, ನಿವೃತ್ತ ಶಿರಸ್ತೇದಾರರಾದ ತಂದೆಯವರು, "ಸೋಮಾರಿತನಕ್ಕೊಂದು ಇಂಗ್ಲಿಷು ಹೆಸರು ಬರೆಯಿಸಿಕೊಂಡು ಬಂದೆಯಾ?" ಎಂದರು. ಇದು ಪರದೇಶದಿಂದ ಬಂದ ಹೊಸ ಫ್ಯಾಷನ್ನೆಂದು ಅಣ್ಣನು ನಕ್ಕನು. ತಾಯಿಯವರು, "ನಿನ್ನ ಸೋದರಮಾವನೂ ಹೀಗೆಯೇ ಇದ್ದ, ಅವನಿಗೇನು ಮಾತ್ರೆ ನುಂಗಿಸಿದೆವೆ? ಹೊರಗೆಲ್ಲೂ ಹೇಳಬೇಡಪ್ಪ, ತಂಗಿಯ ಮದುವೆ ಇನ್ನೂ ಆಗಬೇಕು" ಎಂದು ಕಣ್ಣೀರಿಟ್ಟರು. ಮಾತ್ರೆಗಳು ಬೀರುವಿನಲ್ಲಿಯೇ ಉಳಿದುವು.

ಮನೆಯವರು ಕೆಟ್ಟವರಲ್ಲ. ಅವರ ಆಕ್ಷೇಪಗಳಿಗೆ ಉತ್ತರ ಹೇಳಬೇಕೇ ಹೊರತು ಅವರನ್ನು ಹಳಿದು ಪ್ರಯೋಜನವಿಲ್ಲ.

ಮೊದಲನೆಯದು ಸೋಮಾರಿತನದ ಮಾತು. ಸೋಮಾರಿಯು ಕೆಲಸವನ್ನು ಬಿಟ್ಟು ಸುಖವಾಗಿರುತ್ತಾನೆ. ಈ ದೋಷವುಳ್ಳವನು ಕೆಲಸವನ್ನು ಬಿಟ್ಟು ಸಂಕಟಪಡುತ್ತಾನೆ. ಮಾಡಬೇಕಾದುದೇನೆಂದು ಅವನಿಗೆ ಗೊತ್ತು, ಮಾಡುವ ಇಚ್ಛೆಯೂ ಉಂಟು. ಗೊತ್ತಿದ್ದುದನ್ನು ಗೊತ್ತಾದ ವೇಳೆಗೆ ಮಾಡಿಸುವ ಮಿದುಳಿನ ಹತೋಟಿಯು ಮಾತ್ರ ಕುಂದಿರುತ್ತದೆ. ಲಂಡನ್ನಿನ ವೈದ್ಯರಾದ ಜಾರ್ಜ್ ಸ್ಟಿಲ್ ಎಂಬವರು ಬುದ್ಧಿಗೆ ಕೊರತೆಯಿಲ್ಲದೆಯೂ ತಮ್ಮನ್ನು ತಾವು ಹಿಡಿದಿಡಲಾರದ ಮಕ್ಕಳನ್ನು 1902ರಷ್ಟು ಹಿಂದೆಯೇ ವರ್ಣಿಸಿದರು. ಬಾಲ್ಯದಲ್ಲಿ ತಾಯಿಯು ಪುಸ್ತಕದ ಚೀಲ ಜೋಡಿಸುತ್ತಾಳೆ, ಉಪಾಧ್ಯಾಯರು ಬೆನ್ನಹಿಂದೆ ನಿಂತಿರುತ್ತಾರೆ, ಪರೀಕ್ಷೆಯ ಭಯವಿರುತ್ತದೆ. ಈ ಊರೆಗೋಲುಗಳು ಬಿದ್ದು, ಉದ್ಯೋಗ, ಸಾಲ, ಸಂಸಾರ ಎಲ್ಲವೂ ಒಮ್ಮೆಗೇ ಹೆಗಲೇರಿದಾಗ ಬಾಲ್ಯದಿಂದ ಇದ್ದ ಬಿರುಕು ಹೊರಗೆ ಕಾಣುತ್ತದೆ. ಹೆಣ್ಣುಮಕ್ಕಳಲ್ಲಂತೂ, ಗಲಾಟೆ ಮಾಡದೆ ಕನಸು ಕಾಣುತ್ತ ಕುಳಿತ ಹುಡುಗಿಯನ್ನು ಯಾರೂ ಗಮನಿಸಲಿಲ್ಲ.

ಪರದೇಶದ ಫ್ಯಾಷನ್ನೆಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಕ್ಷಯದ ಕ್ರಿಮಿಯನ್ನು 1882ರಲ್ಲಿ ಕಂಡುಹಿಡಿದ ಕೋಖ್ ಪಂಡಿತರು ಜರ್ಮನಿಯವರಾದ ಮಾತ್ರಕ್ಕೆ ನಮ್ಮವರ ಕ್ಷಯವು ಜರ್ಮನಿಯದಾಗಲಿಲ್ಲ. ವಯಸ್ಕರಲ್ಲಿ ನೂರಕ್ಕೆ ಸುಮಾರು 2.5 ಮಂದಿಗೆ ಈ ದೋಷವಿದೆಯೆಂದು ನಾನಾ ದೇಶಗಳ ಸಮೀಕ್ಷೆಗಳನ್ನು ಕೂಡಿಸಿ ನೋಡಿದವರ ಅಂದಾಜು. ನೂರು ಮಂದಿ ನೌಕರರ ಕಚೇರಿಯಲ್ಲಿ ಇಬ್ಬರು ಮೂವರು ಇಂಥವರಿರಬಹುದೆಂದಾಯಿತು. ನಮ್ಮ ಜನರ ಕಷ್ಟವನ್ನು ನಮ್ಮದೆಂದು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ದೇಶಾಭಿಮಾನವು ಯಾವುದು?

ಇನ್ನು ತಾಯಿಯವರ ಮಾತು. "ಸೋದರಮಾವನೂ ಹೀಗೆಯೇ ಇದ್ದ" ಎಂಬುದನ್ನು ಅವರು ರೋಗವಿಲ್ಲವೆಂಬುದಕ್ಕೆ ಆಧಾರವಾಗಿ ಹೇಳಿದರು. ವೈದ್ಯರ ಕಿವಿಗೆ ಅದು ರೋಗವುಂಟೆಂಬುದಕ್ಕೆ ಆಧಾರ! ಅವಳಿ ಮಕ್ಕಳನ್ನು ಕುರಿತ ಅಧ್ಯಯನಗಳ ಪ್ರಕಾರ, ಜನರಲ್ಲಿ ಈ ದೋಷದ ಹೆಚ್ಚು ಕಡಮೆಗೆ ನೂರಕ್ಕೆ 70ಕ್ಕಿಂತ ಮಿಗಿಲಾದ ಪಾಲು ವಂಶಾನುಗತವಾದುದು. ಅಷ್ಟೇ ಅಲ್ಲ, 12 ವರ್ಷ ತುಂಬುವುದರೊಳಗೆ ಇದರ ಲಕ್ಷಣಗಳು ಕಂಡಿದ್ದರಲ್ಲದೆ ವೈದ್ಯರು ಈ ಹೆಸರನ್ನು ಹೇಳಕೂಡದೆಂದು ಅಮೆರಿಕದ ಮನೋವೈದ್ಯ ಸಂಘದ 2013ರ ಕೈಪಿಡಿಯು ವಿಧಿಸಿದೆ. ಆ ಬಾಲ್ಯವನ್ನು ಕಣ್ಣಾರೆ ಕಂಡವರು ಯಾರು? ತಾಯಿತಂದೆಗಳು. ಆದುದರಿಂದ ಈ ವ್ಯವಹಾರದಲ್ಲಿ ಅವರು ನ್ಯಾಯಾಧೀಶರಲ್ಲ, ಸಾಕ್ಷಿಗಳು. ಸಾಕ್ಷಿಯು ಬಾಯಿ ಬಿಡದಿದ್ದರೆ ನ್ಯಾಯವು ಹೇಗೆ ತೀರ್ಮಾನವಾದೀತು?

ತಂದೆಯವರ ಕೋಪದ ಅಡಿಯಲ್ಲಿ ಒಂದು ನೋವೂ ಅಡಗಿರುತ್ತದೆಂದು ನಾವು ಬಲ್ಲೆವು. ಇದು ರೋಗವೆಂದು ಒಪ್ಪಿದರೆ, ಹುಡುಗನಿಗೆ ಅಂದು ಕೊಟ್ಟ ಏಟುಗಳೆಲ್ಲ ಅನ್ಯಾಯವಾದುವೆಂದು ಒಪ್ಪಿದಂತಾಗುತ್ತದೆ. ಅಂಥ ಹಿರಿಯರಿಗೆ ನಾವು ಹೇಳುವುದೇನೆಂದರೆ: ಇದು ಬಾಲ್ಯದ ವ್ಯಾಧಿ, ಹರೆಯದಲ್ಲಿ ಸಾಮಾನ್ಯವಾಗಿ ತಗ್ಗುವುದು ಎಂದು ಅದೇ ಸಂಘದ 1968ರ ಕೈಪಿಡಿಯಲ್ಲಿ ಬರೆದಿತ್ತು. ಪಂಡಿತರೇ ತಡವಾಗಿ ತಿಳಿದುದನ್ನು ತಾವು ಅಂದು ತಿಳಿಯಲಿಲ್ಲವೆಂದು ನಾಚಬೇಕಾದುದಿಲ್ಲ. ಇಂದು ತಿಳಿದೂ ತಿಳಿಯದಂತಿರುವುದು ಮಾತ್ರ ತಪ್ಪು.

ಮರ್ಯಾದೆಯ ಭಯಕ್ಕೆ ಇತಿಹಾಸದ ಬೇರಿದೆ. ಪರಕೀಯ ಸರಕಾರವು 1912ರಲ್ಲಿ ಮಾಡಿದ ಹುಚ್ಚರ ಕಾನೂನು, ಸ್ವಾತಂತ್ರ್ಯ ಬಂದು 40 ವರ್ಷಗಳಾಗುವವರೆಗೂ ತೊಲಗಲಿಲ್ಲ. 1987ರಲ್ಲಿ ಅದರ ಬದಲು ಬೇರೆ ಶಾಸನವಾಯಿತು. ಮನೋವೈದ್ಯರೆಂದರೆ ಹುಚ್ಚಾಸ್ಪತ್ರೆಯ ಬಾಗಿಲೆಂಬ ಭಾವನೆಯು ಆ ಕಾಲದ ಶೇಷ. 2017ರ ಮಾನಸಿಕ ಆರೋಗ್ಯ ಶಾಸನವಾದರೋ ಮನಸ್ಸಿನ ವ್ಯಾಧಿಯನ್ನು ದೇಹದ ವ್ಯಾಧಿಗೆ ಸಮನಾಗಿ ಕಾಣಬೇಕೆಂದೂ ರೋಗಿಯ ಗುಟ್ಟನ್ನು ವೈದ್ಯರು ಕಾಪಾಡಬೇಕೆಂದೂ ವಿಧಿಸಿದೆ. ಊರಿಗೆ ಸಾರಬೇಕೆಂದು ಯಾರೂ ಹೇಳುವುದಿಲ್ಲ. ಊರಿಗೆ ಹೇಳದಿರುವುದು ಬೇರೆ, ಚಿಕಿತ್ಸೆಯನ್ನೇ ತಡೆಯುವುದು ಬೇರೆ.

ಮಾತ್ರೆಯ ವಿಷಯದಲ್ಲಿ ಹಿರಿಯರ ಎಚ್ಚರವು ಯೋಗ್ಯವಾದುದೇ. ಈ ದೋಷಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧವು ಮಾದಕ ದ್ರವ್ಯಗಳ 1985ರ ಶಾಸನದ ಹತೋಟಿಗೆ ಒಳಪಟ್ಟುದು. ವೈದ್ಯರ ಚೀಟಿಯಿಲ್ಲದೆ ಮುಟ್ಟತಕ್ಕುದಲ್ಲ. ಬೇರೆ ಬಗೆಯ ಔಷಧಗಳೂ ಉಂಟು. ಯಾವುದು ಯಾರಿಗೆಂಬುದನ್ನು ವೈದ್ಯರೇ ಹೇಳಬೇಕು. ಮೊಬೈಲಿನಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರ ಒತ್ತಿ ತನಗೆ ತಾನೇ ಹೆಸರಿಟ್ಟುಕೊಳ್ಳುವುದೂ ಸಲ್ಲದು. ನಿದ್ರೆಗೇಡು, ಖಿನ್ನತೆ, ಥೈರಾಯ್ಡಿನ ದೋಷಗಳಲ್ಲಿಯೂ ಮನಸ್ಸು ನಿಲ್ಲುವುದಿಲ್ಲ.

ರೋಗಿಯಾದವನಿಗೂ ಎರಡು ಮಾತು. ಹೆಸರು ತಿಳಿದುದು ಹೊಣೆಯನ್ನು ಇಳಿಸುವುದಿಲ್ಲ. ಹೊಣೆಯನ್ನು ಹೊರುವ ದಾರಿಯನ್ನು ತೋರಿಸುತ್ತದೆ. ನೆನಪನ್ನು ನಂಬದೆ ಬರೆದಿಡುವುದು, ದೊಡ್ಡ ಕೆಲಸವನ್ನು ಚಿಕ್ಕ ತುಂಡುಗಳನ್ನಾಗಿ ಮಾಡಿಕೊಳ್ಳುವುದು, ಬಿಲ್ಲು ಬಂದ ದಿನವೇ ತೆರುವುದು, ಬೀಗದ ಕೈಗೆ ಒಂದೇ ಗೂಟವನ್ನು ಗೊತ್ತುಮಾಡುವುದು, ಹೊತ್ತಿಗೆ ಸರಿಯಾಗಿ ಮಲಗುವುದು: ಇವು ಔಷಧದಷ್ಟೇ ಮುಖ್ಯ. ಹಿರಿಯರೊಡನೆ ವಾದಕ್ಕಿಳಿಯುವುದಕ್ಕಿಂತ ಮುಂದಿನ ಸಲ ಅವರಲ್ಲೊಬ್ಬರನ್ನು ವೈದ್ಯರಲ್ಲಿಗೆ ಜೊತೆಯಲ್ಲಿಯೇ ಕರೆದೊಯ್ಯುವುದು ಮೇಲು. ಮಗನ ಬಾಯಿಂದ ಒಪ್ಪದ ಮಾತನ್ನು ವೈದ್ಯರ ಬಾಯಿಂದ ಒಪ್ಪುವ ತಂದೆತಾಯಿಗಳುಂಟು.

ಸರಕಾರದವರು ಮಾಡತಕ್ಕುದೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನೋವ್ಯಾಧಿಗಳಿಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟುದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಯಿಸಿದ ಬಳ್ಳಾರಿ ಜಿಲ್ಲೆಯ ಪ್ರಯೋಗ. ಆ ಕೀರ್ತಿಯುಳ್ಳ ನಾಡಿನಲ್ಲಿ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ವಯಸ್ಕರ ಅವಧಾನದೋಷವನ್ನು ಗುರುತಿಸಬಲ್ಲ ವೈದ್ಯರೂ ಬೇಕಾದ ಔಷಧವೂ ದೊರೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಶಾಸನವು ಹೆಸರಿಸಿದ 21 ಬಗೆಗಳಲ್ಲಿ ಕಲಿಕೆಯ ದೋಷವುಂಟು, ಆಟಿಸಮ್ ಉಂಟು. ಇದು ಪ್ರತ್ಯೇಕವಾಗಿ ಇಲ್ಲ. ಈ ಲೋಪವು ವಿಚಾರಾರ್ಹವಾದುದು. ಕಚೇರಿಯ ಮುಖ್ಯಸ್ಥರೂ ಇಂಥ ನೌಕರನಿಗೆ ನೋಟೀಸಿನ ಮೇಲೆ ನೋಟೀಸು ಕೊಡುವುದಕ್ಕಿಂತ, ಆಜ್ಞೆಯನ್ನು ಬರೆದುಕೊಟ್ಟು, ಗಡುವನ್ನು ಹಂತಹಂತವಾಗಿ ಗೊತ್ತುಮಾಡಿ ನೋಡಲಿ. ಇದಕ್ಕೆ ಬೊಕ್ಕಸದಿಂದ ಒಂದು ಕಾಸೂ ಖರ್ಚಾಗದು.

ಆದರೆ ಸರಕಾರಕ್ಕಿಂತ ಮೊದಲು ಮನೆ. ಆ ತಾಯಿಯವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಸೋದರಮಾವನ ಕಥೆಯನ್ನು ತಾವು ಮಗನಿಗೆ ಹೇಳಿದಂತೆಯೇ ವೈದ್ಯರಿಗೂ ಹೇಳಿರಿ. ಆ ಸೋದರಮಾವನನ್ನು ಕೇಳುವವರು ಅಂದು ಯಾರೂ ಇರಲಿಲ್ಲ. ಈ ಮಗನಿಗೆ ಹಾಗಾಗದಿರಲಿ.