ಜೀನ್ ಟೆಸ್ಟ್ ‘ನಾರ್ಮಲ್’ ಬಂದರೆ ಕಾಯಿಲೆ ಜೀನ್‌ನಿಂದ ಬಂದದ್ದಲ್ಲ ಎಂದರ್ಥವೇ?

‘ದೊಡ್ಡ ಜೀನ್ ಟೆಸ್ಟ್ ಮಾಡಿಸ್ಯಾರ, ಎಲ್ಲಾ ನಾರ್ಮಲ್ ಬಂದೈತಿ. ಹಂಗಾದ್ರ ಇದು ಜೀನ್ ತೊಂದರೆ ಅಲ್ಲ.’ ರಾಮದುರ್ಗ, ಸವದತ್ತಿ ಕಡೆಯ ಮನೆಮಂದಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇಂಥ ಮಾತು ಹೊಸದೇನಲ್ಲ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಬಸುರಿ ಇದ್ದಾಗ ಗ್ರಹಣ ನೋಡಿದ್ದಳು, ಪಪ್ಪಾಯಿ ತಿಂದಿದ್ದಳು, ಹರಕೆ ತೀರಿಸಿರಲಿಲ್ಲ. ವರದಿಯಲ್ಲಿ ಕಾರಣ ಸಿಗದಿದ್ದರೆ ಜನ ಕಾರಣ ಹುಡುಕುವುದು ಹೆಚ್ಚಾಗಿ ತಾಯಿಯಲ್ಲಿ.

ಎರಡನೆಯ ಮಾತಿಗೆ ಯಾವ ಆಧಾರವೂ ಇಲ್ಲ. ಗ್ರಹಣ ಯಾರ ಜೀನನ್ನೂ ಬದಲಿಸುವುದಿಲ್ಲ. ಮೊದಲನೆಯದು ನಂಬುವಂತಿದೆ, ಆದರೆ ಅದೂ ತಪ್ಪು. ‘ನಾರ್ಮಲ್’ ವರದಿ ಹೇಳುವುದು ಇಷ್ಟೇ: ನೋಡಿದ ಜಾಗದಲ್ಲಿ, ಇವತ್ತಿನ ತಿಳಿವಳಿಕೆಯ ಮಟ್ಟಿಗೆ, ತಪ್ಪು ಕಾಣಲಿಲ್ಲ. ನೋಡದೆ ಬಿಟ್ಟ ಜಾಗದಲ್ಲಿ ಅಡಗಿಕೊಳ್ಳುವ ತಪ್ಪುಗಳ ಒಂದು ದೊಡ್ಡ ಗುಂಪಿಗೆ ಸ್ಪ್ಲೈಸಿಂಗ್ ದೋಷ ಎಂದು ಹೆಸರು.

ಮದುವೆ ವಿಡಿಯೋದ ಲೆಕ್ಕ

ನಮ್ಮ ಕಡೆ ಮದುವೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಕ್ಯಾಮೆರಾ ಓಡುತ್ತಿರುತ್ತದೆ. ಸ್ಟುಡಿಯೋದವರು ಅದರಲ್ಲಿ ಅರಿಷಿಣ, ಅಕ್ಷತೆ, ತಾಳಿ, ಊಟ ಇಷ್ಟನ್ನು ಉಳಿಸಿ, ಖಾಲಿ ಕುರ್ಚಿ, ನೆಲ ತೋರಿಸಿದ ತುಣುಕುಗಳನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿ ಕೊಡುತ್ತಾರೆ. ನಮ್ಮ ಜೀವಕೋಶವೂ ಇದನ್ನೇ ಮಾಡುತ್ತದೆ. ಮೊದಲು ಜೀನ್‌ನ ಪೂರ್ತಿ ಪ್ರತಿ ತೆಗೆಯುತ್ತದೆ. ಅದಕ್ಕೆ ಆರ್‌ಎನ್‌ಎ ಎನ್ನುತ್ತಾರೆ. ಆಮೇಲೆ ಬೇಡದ ತುಣುಕುಗಳನ್ನು (ಇಂಟ್ರಾನ್) ಕತ್ತರಿಸಿ, ಬೇಕಾದವನ್ನು (ಎಕ್ಸಾನ್) ಅಂಟಿಸುತ್ತದೆ. ಈ ಕತ್ತರಿಸಿ ಅಂಟಿಸುವ ಕೆಲಸವೇ ಸ್ಪ್ಲೈಸಿಂಗ್. ಇದು ಗೊತ್ತಾಗಿದ್ದು 1977ರಲ್ಲಿ. ಇದಕ್ಕಾಗಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಸಿಕ್ಕಿತು.

ಎಲ್ಲಿ ಕತ್ತರಿಸಬೇಕು ಎಂಬ ಗುರುತು ಜೀನ್‌ನಲ್ಲೇ ಇರುತ್ತದೆ. ಆ ಗುರುತು ಅಳಿಸಿದರೆ ತಾಳಿ ಕಟ್ಟುವ ದೃಶ್ಯವೇ ಹಾರಿಹೋಗಬಹುದು. ಬೇರೆಲ್ಲೋ ಸುಳ್ಳು ಗುರುತು ಹುಟ್ಟಿದರೆ ಖಾಲಿ ಕುರ್ಚಿ ನಡುವೆ ಬಂದು ಕೂರಬಹುದು. ಹಾಗೆ ಕೆಟ್ಟ ಪ್ರತಿಯಿಂದ ಸರಿಯಾದ ಪ್ರೋಟೀನ್ ತಯಾರಾಗುವುದಿಲ್ಲ.

ಇದು ಎಲ್ಲೋ ದೂರದ ಮಾತಲ್ಲ. ಥಲಸ್ಸೀಮಿಯಾ ಇರುವ ಮಕ್ಕಳಿಗೆ ಆಗಾಗ ರಕ್ತ ಹಾಕಿಸಬೇಕಾಗುತ್ತದೆ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾಕ್ಕೆ ಅತಿ ಹೆಚ್ಚು ಕಾರಣವಾಗುವ ಬದಲಾವಣೆ ಸ್ಪ್ಲೈಸಿಂಗ್ ದೋಷವೇ. ಬೀಟಾ ಗ್ಲೋಬಿನ್ ಜೀನ್‌ನ ಮೊದಲ ಇಂಟ್ರಾನ್‌ನಲ್ಲಿ 130 ಅಕ್ಷರಗಳಿವೆ. ಅದರ ಐದನೇ ಅಕ್ಷರ ‘ಜಿ’ ಇರಬೇಕಾದಲ್ಲಿ ‘ಸಿ’ ಬಂದಿರುತ್ತದೆ. ಕತ್ತರಿಸಿ ಎಸೆಯುವ ತುಣುಕಿನಲ್ಲಿ ಒಂದೇ ಒಂದು ಅಕ್ಷರ! ಆದರೆ ಅದರಿಂದ ಕತ್ತರಿ ಗುರುತು ಮಸುಕಾಗಿ, ಕೋಶ ತಪ್ಪು ಜಾಗದಲ್ಲಿ ಕತ್ತರಿಸುತ್ತದೆ.

ಪರೀಕ್ಷೆಯ ಕಣ್ಣಿಗೆ ಏಕೆ ಬೀಳುವುದಿಲ್ಲ?

ಥಲಸ್ಸೀಮಿಯಾದ ಈ ತಪ್ಪು ಅಂಚಿನಲ್ಲೇ ಇರುವುದರಿಂದ ಸುಲಭವಾಗಿ ಸಿಗುತ್ತದೆ. ಕಷ್ಟ ಇರುವುದು ಇಂಟ್ರಾನ್‌ನ ಒಳಗೆ ಆಳದಲ್ಲಿ ಕುಳಿತ ತಪ್ಪುಗಳದ್ದು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬರೆದುಕೊಡುವ ‘ಎಕ್ಸೋಮ್’ ಪರೀಕ್ಷೆ ಎಕ್ಸಾನ್‌ಗಳನ್ನು ಮತ್ತು ಅವುಗಳ ಅಂಚನ್ನು ಮಾತ್ರ ಓದುತ್ತದೆ. ಅದು ಒಟ್ಟು ಜೀನೋಮ್‌ನ ಶೇ 1ರಿಂದ 2ರಷ್ಟು. ಹೆಸರು ‘ದೊಡ್ಡ ಟೆಸ್ಟ್’, ಬಿಲ್ಲೂ ದೊಡ್ಡದೇ, ಓದುವ ಜಾಗ ಮಾತ್ರ ಇಷ್ಟು. ಪೂರ್ಣ ಜೀನೋಮ್ ಓದಿಸಿದರೂ ತೊಂದರೆ ತಪ್ಪದು. ಲಕ್ಷಗಟ್ಟಲೆ ಬದಲಾವಣೆಗಳು ಎಲ್ಲರಲ್ಲೂ ಇರುತ್ತವೆ, ಅವುಗಳಲ್ಲಿ ಕತ್ತರಿ ಕೆಲಸ ಕೆಡಿಸಿದ್ದು ಯಾವುದು ಎಂದು ಹೇಳುವುದು ಸುಲಭವಲ್ಲ. ಅದನ್ನು ಊಹಿಸಲು 2019ರಲ್ಲಿ ಪ್ರಕಟವಾದ ‘ಸ್ಪ್ಲೈಸ್‌ಎಐ’ನಂಥ ಕಂಪ್ಯೂಟರ್ ಸಾಧನಗಳಿವೆ, ಆದರೆ ಊಹೆ ಊಹೆಯೇ.

ಅದಕ್ಕೇ ಸಂಶೋಧಕರು ಆರ್‌ಎನ್‌ಎಯನ್ನೇ ಓದತೊಡಗಿದರು. ಕತ್ತರಿಸುವ ಸೂಚನೆ ಓದುವ ಬದಲು ಎಡಿಟ್ ಆದ ವಿಡಿಯೋವನ್ನೇ ಹಾಕಿ ನೋಡಿದ ಹಾಗೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗಳಲ್ಲಿ ಕಾರಣ ಸಿಗದ, ಸ್ನಾಯು ಕಾಯಿಲೆಯ 50 ರೋಗಿಗಳ ಸ್ನಾಯುವಿನ ಆರ್‌ಎನ್‌ಎ ಓದಿದರು. ಸುಮಾರು ಶೇ 35ರಷ್ಟು ಜನರಿಗೆ ಉತ್ತರ ಸಿಕ್ಕಿತು. ಅದರಲ್ಲಿ ಕೆಲವರಿಗೆ ಇದ್ದದ್ದು ಒಂದೇ ತಪ್ಪು: ಕೊಲಾಜೆನ್ ಜೀನ್ ಒಂದರ ಇಂಟ್ರಾನ್‌ನ ಆಳದಲ್ಲಿ ಹುಟ್ಟಿದ ಸುಳ್ಳು ಗುರುತು.

ಈ ಕೊಲಾಜೆನ್ ತಪ್ಪನ್ನು ಸ್ವಲ್ಪ ನಿಂತು ನೋಡಬೇಕು. ಇದು ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರಲ್ಲೂ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಜೀನ್‌ನ ಕಾಯಿಲೆ ಹೌದು, ವಂಶದಿಂದ ಬಂದದ್ದಲ್ಲ. ಇಂಥ ಮನೆಯಲ್ಲಿ ಮುಂದಿನ ಮಗುವಿಗೂ ಅದು ಬರುವ ಸಾಧ್ಯತೆ ತೀರಾ ಕಡಿಮೆ. ಅದೇ ಥಲಸ್ಸೀಮಿಯಾದಲ್ಲಿ ತಂದೆ, ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಶೇ 25ರಷ್ಟು ಅಪಾಯ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದಲ್ಲೇ ಸಂಬಂಧ ಬೆಳೆಸುವ ನಮ್ಮ ಭಾಗದಲ್ಲಿ ಗಂಡಹೆಂಡತಿ ಇಬ್ಬರೂ ಒಂದೇ ತಪ್ಪಿನ ವಾಹಕರಾಗುವ ಸಾಧ್ಯತೆ ಹೆಚ್ಚು. ಆದರೆ ಸಂಬಂಧದಲ್ಲಿ ಮದುವೆಯಾದವರ ಮಗುವಿನ ಪ್ರತಿ ಕಾಯಿಲೆಗೂ ಅದೇ ಕಾರಣ ಎನ್ನಲಾಗದು. ಯಾವ ತಪ್ಪು ಎಂದು ಗೊತ್ತಾಗದೆ ಇನ್ನೊಂದು ಮಗುವಿನ ಬಗ್ಗೆ ಯೋಚಿಸುವ ದಂಪತಿಗೆ ವೈದ್ಯರೂ ಖಚಿತವಾಗಿ ಏನೂ ಹೇಳಲಾಗದು. ಬಸಿರಿನಲ್ಲಿ ಪರೀಕ್ಷೆ ಮಾಡಬೇಕೆಂದರೂ ಯಾವ ಅಕ್ಷರ ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು.

ಆರ್‌ಎನ್‌ಎ ಪರೀಕ್ಷೆಗೂ ಮಿತಿ ಇದೆ. ಸ್ನಾಯುವಿನಲ್ಲಿ ಕೆಲಸ ಮಾಡುವ ಜೀನ್ ರಕ್ತದಲ್ಲಿ ಮೌನವಾಗಿರಬಹುದು. ಆಗ ಸ್ನಾಯು ಅಥವಾ ಚರ್ಮದ ಚೂರು ಬೇಕು. ಮಿದುಳಿನದಾದರೆ ಇನ್ನೂ ಕಷ್ಟ.

16 ಕೋಟಿ ಇಂಜೆಕ್ಷನ್ನಿನ ಫಾರ್ವರ್ಡ್

ಎಸ್‌ಎಂಎ ಇರುವ ಮಗುವಿಗೆ 16 ಕೋಟಿ ರೂಪಾಯಿ ಬೇಕು ಎಂಬ ಸಂದೇಶ ನಿಮಗೂ ಬಂದಿರಬಹುದು. ಅದರಲ್ಲಿ ಹೇಳುವ ಝೋಲ್ಗೆನ್ಸ್ಮಾ ಹೊಸ ಜೀನ್ ಕೊಡುವ ಔಷಧ. ಅದೇ ಕಾಯಿಲೆಗೆ ಸ್ಪ್ಲೈಸಿಂಗ್ ತಿದ್ದುವ ಔಷಧಗಳೂ ಇವೆ ಎಂಬುದು ಆ ಸಂದೇಶಗಳಲ್ಲಿ ಕಾಣುವುದಿಲ್ಲ. ಎಸ್‌ಎಂಎ ಮಕ್ಕಳಲ್ಲಿ ‘ಎಸ್‌ಎಂಎನ್1’ ಜೀನ್ ಕೆಲಸ ಮಾಡುವುದಿಲ್ಲ. ಅದರ ಜೋಡಿ ‘ಎಸ್‌ಎಂಎನ್2’ ಇದ್ದರೂ ಒಂದು ಅಕ್ಷರದ ವ್ಯತ್ಯಾಸದಿಂದ ಅದರ ಏಳನೇ ಎಕ್ಸಾನ್ ಬಹುಪಾಲು ಕತ್ತರಿಸಿ ಹೋಗುತ್ತದೆ. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ ನ್ಯುಸಿನರ್ಸೆನ್ ಮತ್ತು 2020ರಲ್ಲಿ ಬಂದ, ಬಾಯಿಂದ ಕುಡಿಸುವ ರಿಸ್ಡಿಪ್ಲಾಮ್ ಆ ತುಣುಕನ್ನು ಉಳಿಸುವಂತೆ ಮಾಡುತ್ತವೆ. ಇವೂ ಅಗ್ಗವಲ್ಲ, ಕಳೆದುಹೋದ ಶಕ್ತಿಯನ್ನು ಪೂರ್ತಿ ಮರಳಿಸುವುದೂ ಇಲ್ಲ. ಬೇಗ ಶುರು ಮಾಡಿದಷ್ಟು ಒಳ್ಳೆಯದು.

ವರದಿ ಕೈಯಲ್ಲಿದ್ದರೆ

ಹಳೆಯ ಎಕ್ಸೋಮ್ ವರದಿಯನ್ನು ಎಸೆಯಬೇಡಿ. ಲ್ಯಾಬಿನಿಂದ ಅದರ ಮೂಲ ಡೇಟಾ ಫೈಲ್ ಕೇಳಿ ಪಡೆದಿಡಿ. ಒಂದೆರಡು ವರ್ಷಗಳ ನಂತರ ಅದೇ ಡೇಟಾವನ್ನು ಮತ್ತೆ ಓದಿಸಿದಾಗ ಉತ್ತರ ಸಿಕ್ಕಿದ ಉದಾಹರಣೆಗಳಿವೆ. ವರದಿಯಲ್ಲಿ ‘ವಿಯುಎಸ್’ ಎಂದು ಬರೆದಿದ್ದರೆ, ‘ಬದಲಾವಣೆ ಇದೆ, ಅರ್ಥ ಇನ್ನೂ ಗೊತ್ತಿಲ್ಲ’ ಎಂದು ತಿಳಿಯಿರಿ. ‘ಇದು ಸ್ಪ್ಲೈಸಿಂಗ್ ಕೆಡಿಸುತ್ತದೆಯೇ, ಆರ್‌ಎನ್‌ಎ ಪರೀಕ್ಷೆ ಸಾಧ್ಯವೇ?’ ಎಂದು ತಳಿವಿಜ್ಞಾನ ವೈದ್ಯರನ್ನು ಕೇಳಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆಯಾಗಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಇಂಥ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ರಾಮದುರ್ಗದಿಂದ ಬೆಂಗಳೂರು ಒಂದು ರಾತ್ರಿಯ ಬಸ್ ದಾರಿ. ಹೋಗುವಾಗ ಮಗುವಿನ ಎಲ್ಲ ವರದಿ, ಮನೆಯಲ್ಲಿ ಯಾರಿಗೆ ಯಾರು ಏನಾಗಬೇಕು ಎಂಬ ಮೂರು ತಲೆಮಾರಿನ ಪಟ್ಟಿ, ಸಾಧ್ಯವಾದರೆ ತಂದೆತಾಯಿ ಇಬ್ಬರೂ ಜೊತೆಗಿರಲಿ, ಏಕೆಂದರೆ ಇಬ್ಬರ ರಕ್ತವನ್ನೂ ಕೇಳುವ ಸಾಧ್ಯತೆ ಹೆಚ್ಚು.